‘ಸೂಪರ್’ ಬೇಡ, ಲಿಂಕ್ ಕೊಡಿ

ನಮಸ್ಕಾರ ಕೇಳುಗರೇ. ಉಡುಪಿಯಿಂದ ಮಾತನಾಡುತ್ತಿದ್ದೇನೆ. ಹಿಂದೆ ಬಡಬಡ ಎಂದು ಕೇಳಿಸುತ್ತಿರುವುದು ಚೆಂಡೆಯಲ್ಲ, ನಮ್ಮ ತಗಡಿನ ಮಾಡಿನ ಮೇಲೆ ಬೀಳುತ್ತಿರುವ ಮಳೆ. ಅದು ಸದ್ಯಕ್ಕೆ ನಿಲ್ಲುವ ಲಕ್ಷಣವಿಲ್ಲ, ನಾನೂ ನಿಲ್ಲಿಸುವವನಲ್ಲ.

ನನಗೆ ಮಗ್ಗಿ ಕಲಿಸಿದ ಮಾಸ್ತರರು ಈಚೆಗೆ ತೀರಿಕೊಂಡರು. ಅವರ ಬಗ್ಗೆ ಬ್ಲಾಗಿನಲ್ಲಿ ಉದ್ದನೆಯ ಲೇಖನ ಬರೆದೆ. ಬೆಳಿಗ್ಗೆ ಎದ್ದು ನೋಡಿದರೆ ಕೆಳಗೆ ಸಹಬ್ಲಾಗಿಗರೊಬ್ಬರ ಪ್ರತಿಕ್ರಿಯೆ: “ಸೂಪರ್ ಸರ್! ಹೀಗೇ ಬರುತ್ತಿರಲಿ. ಬಿಡುವಾದಾಗ ನನ್ನ ಬ್ಲಾಗಿಗೂ ಬನ್ನಿ.” ಏನು ಬರುತ್ತಿರಬೇಕು ಮಾರಾಯರೇ? ನನಗೆ ವಿಜ್ಞಾನ ಕಲಿಸಿದವರು, ಡ್ರಿಲ್ ಮಾಡಿಸಿದವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಅವರನ್ನಾದರೂ ಬಿಟ್ಟುಬಿಡಿ.

ಸಹಬ್ಲಾಗಿಗರ ಜೊತೆ ಬಾಂಧವ್ಯ ಬೆಳೆಸುವುದು ಎಂದರೆ ಇದೇ ಎಂದು ಆ ಮಹಾನುಭಾವರು ತಿಳಿದುಕೊಂಡಿದ್ದಾರೆ. ನನ್ನದು ಒಂದೇ ಮಾತು. ಇನ್ನೊಬ್ಬರು ಬರೆದದ್ದನ್ನು ಓದಿದ್ದೀರಾ? ಅದರಿಂದ ಏನಾದರೂ ಸಿಕ್ಕಿತೇ? ಹಾಗಾದರೆ ನಿಮ್ಮ ಮುಂದಿನ ಬರಹದಲ್ಲಿ ಅವರ ಹೆಸರು ಹೇಳಿ, ಲಿಂಕ್ ಕೊಡಿ. ಗೆಳೆತನ ಅಲ್ಲಿಂದ ಶುರುವಾಗುತ್ತದೆ, ಹೆಬ್ಬೆರಳಿನ ಚಿತ್ರದಿಂದಲ್ಲ.

ಪ್ರತಿಕ್ರಿಯೆಯ ಬಾಲಕ್ಕೆ ತಮ್ಮ ವಿಳಾಸ ಅಂಟಿಸಿ ಹೋಗುವವರಿಗೆ ಗೂಗಲ್‌ನ ಕಣ್ಣಿಗೆ ಬೀಳುವ ಆಸೆ. ಒಂದು ಪುಟ ಇನ್ನೊಂದಕ್ಕೆ ಕೊಟ್ಟ ಲಿಂಕನ್ನು ಮತದಂತೆ ಎಣಿಸುವ ಲೆಕ್ಕದಿಂದಲೇ 1998ರಲ್ಲಿ ಗೂಗಲ್ ಶುರುವಾದದ್ದು ನಿಜ. ಆದರೆ ಪ್ರತಿಕ್ರಿಯೆಗಳಲ್ಲಿ ಕಸ ಸುರಿಯುವವರ ಕಾಟ ಮಿತಿಮೀರಿದಾಗ, 2005ರ ಜನವರಿಯಲ್ಲಿ, ‘ನೋಫಾಲೋ’ ಎಂಬ ಗುರುತು ಬಂತು. ಇದನ್ನು ಮತವೆಂದು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಹೇಳುವುದೇ ಅದರ ಕೆಲಸ. ಬಹುತೇಕ ಬ್ಲಾಗುಗಳಲ್ಲಿ ಪ್ರತಿಕ್ರಿಯೆಯ ಲಿಂಕಿಗೆ ಅದು ತಾನಾಗಿಯೇ ಬೀಳುತ್ತದೆ. ಎರಡು ದಶಕಗಳಿಂದ ಬೀಗ ಜಡಿದ ಬಾಗಿಲನ್ನು ಇವರು ತಟ್ಟುತ್ತಲೇ ಇದ್ದಾರೆ. ಇನ್ನು ಕೆಲವರದು “ನೀವು ನನಗೊಂದು ಕೊಡಿ, ನಾನು ನಿಮಗೊಂದು ಕೊಡುತ್ತೇನೆ” ಎಂಬ ಮುಯ್ಯಿಗೆ ಮುಯ್ಯಿ. ಹೀಗೆ ಅತಿಯಾಗಿ ಲಿಂಕ್ ವಿನಿಮಯ ಮಾಡಿಕೊಳ್ಳುವುದನ್ನು ಗೂಗಲ್ ತನ್ನ ನೀತಿಯಲ್ಲೇ ಸ್ಪ್ಯಾಮ್ ಎಂದು ಬರೆದಿಟ್ಟಿದೆ. ನಾನು ಕೇಳುತ್ತಿರುವುದು ವಿನಿಮಯವನ್ನಲ್ಲ. ಓದಿದ್ದೀರಾ? ಲಿಂಕ್ ಕೊಡಿ. ಅವರು ತಿರುಗಿ ಕೊಟ್ಟರೋ ಇಲ್ಲವೋ ಎಂದು ಬಾಗಿಲಲ್ಲಿ ನಿಂತು ಕಾಯಬೇಡಿ.

ಪ್ರತಿಕ್ರಿಯೆ ಬರೆಯುವುದೇ ತಪ್ಪು ಎನ್ನುತ್ತಿಲ್ಲ. ಪುತ್ತೂರು ಕಡೆಯ ಅಕ್ಕ ಒಬ್ಬರು ಕೆಸುವಿನ ಎಲೆಗೆ ಹಿಟ್ಟು ಸವರಿ ಸುರುಳಿ ಸುತ್ತಿ ಬೇಯಿಸುವ ಪತ್ರೊಡೆಯ ಬಗ್ಗೆ ಬರೆದು, ಎಲೆ ತುರಿಸದಂತೆ ಹುಣಸೆಹುಳಿ ಧಾರಾಳವಾಗಿ ಹಾಕಿ ಎಂದಿದ್ದರು. ಕಾಸರಗೋಡಿನ ಇನ್ನೊಬ್ಬ ಬ್ಲಾಗಿಗರು ಕೆಳಗೆ ಬರೆದರು: ನಮ್ಮ ಮನೆಯಲ್ಲಿ ಹುಳಿಗೆ ಬಿಂಬುಳಿಕಾಯಿ ಅರೆದು ಹಾಕುತ್ತೇವೆ, ಎಲೆಯ ಬೆನ್ನಿನ ದಪ್ಪ ನಾರನ್ನು ಕತ್ತಿಯಿಂದ ಸವರಿ ತೆಗೆದರೆ ಸುರುಳಿ ಬಿಗಿಯಾಗಿ ಕೂರುತ್ತದೆ. ಅಕ್ಕ ಹಾಗೆಯೇ ಮಾಡಿ ನೋಡಿ, ಅವರ ಹೆಸರು ಹಾಕಿ, ಲಿಂಕ್ ಕೊಟ್ಟು ಇನ್ನೊಂದು ಬರಹ ಹಾಕಿದರು. ಈಗ ಇವರ ಓದುಗರು ಅವರನ್ನೂ ಅವರ ಓದುಗರು ಇವರನ್ನೂ ಓದುತ್ತಾರೆ. ಪತ್ರೊಡೆ ಮಾತ್ರ ಇಬ್ಬರ ಮನೆಯಿಂದಲೂ ನಮ್ಮಲ್ಲಿಗೆ ಬಂದಿಲ್ಲ, ಇದನ್ನು ಅವರು ಕೇಳಿಸಿಕೊಳ್ಳುತ್ತಿದ್ದರೆ ಒಳ್ಳೆಯದು.

ಮರೆಯುವ ಮೊದಲು, ಚಂದಾದಾರರಾಗದವರು ಆಗಿಬಿಡಿ. ನನ್ನ ಬ್ಲಾಗಿನ ವಿಳಾಸವೂ ವಿವರಣೆಯಲ್ಲಿದೆ. ಹೌದು, ನಾನೂ ಕರೆಯುತ್ತಿದ್ದೇನೆ. ಆದರೆ ಸಾವಿನ ಮನೆಯ ಅಂಗಳದಲ್ಲಿ ನಿಂತು ಕರೆಯುತ್ತಿಲ್ಲ.

ಈಗ ನನಗೆ ನಿಜವಾಗಿ ಉರಿದ ಸಂಗತಿ. ಮಂಗಳೂರಿನ ಗೆಳೆಯನೊಬ್ಬನಿದ್ದಾನೆ. ಹಳೆಯ ಮನೆ ಕೆಡಹುತ್ತಿದ್ದಾರೆಂದು ಗೊತ್ತಾದರೆ ಅಲ್ಲಿ ಹಾಜರು. ಇಳಿಸಿಟ್ಟ ಹಂಚುಗಳ ಪಾಚಿಯನ್ನು ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ, ಓರೆ ಬಿಸಿಲಿಗೆ ಹಿಡಿದು, ಅಚ್ಚಿನ ಅಕ್ಷರಗಳ ಫೋಟೋ ತೆಗೆಯುತ್ತಾನೆ. ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865’ ಎಂದು ಕಂಡ ಕೂಡಲೇ ಜನ ನಮ್ಮ ಅಜ್ಜನ ಮನೆಯ ಮಾಡು 1865ರದ್ದು ಎಂದು ಎದೆಯುಬ್ಬಿಸುತ್ತಾರೆ. ಅದು ಕಾರ್ಖಾನೆ ಆರಂಭವಾದ ವರ್ಷ, ನಿಮ್ಮ ಹಂಚು ಸುಟ್ಟ ವರ್ಷವಲ್ಲ ಎಂದು ಅವನು ಚಿತ್ರಗಳ ಸಮೇತ ವಿವರಿಸಿ ಬರೆದ. ಸ್ವಲ್ಪ ದಿನಗಳಲ್ಲಿ ಅದೇ ವಾದ, ಅದೇ ಅನುಕ್ರಮ, ಅದೇ ಚಿತ್ರ ಇನ್ನೊಂದು ಕಡೆ ಪ್ರತ್ಯಕ್ಷ. ಆರಂಭವೇನು ಗೊತ್ತೇ? “ಎಲ್ಲೋ ಓದಿದ ನೆನಪು.” ಎಲ್ಲೋ! ಅಳತೆ ಗೊತ್ತಾಗಲೆಂದು ಹಂಚಿನ ಪಕ್ಕದಲ್ಲಿ ಗೆಳೆಯ ಇಟ್ಟಿದ್ದ ಅವನ ಸ್ಕೂಟರಿನ ಕೀಲಿಕೈ ಕೂಡ ಆ ಚಿತ್ರದಲ್ಲಿ ಹಾಗೆಯೇ ಇದೆ. ಸ್ವಾಮೀ, ಆ ‘ಎಲ್ಲೋ’ಗೆ ಒಂದು ವಿಳಾಸವಿದೆ. ಅಂಟಿಸಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ನಮ್ಮ ಊರಿನವರಿಗೆ ಇದನ್ನು ಹೇಳಿಕೊಡಬೇಕಾಗಿ ಬಂದದ್ದೇ ಸೋಜಿಗ. ವೇಷ, ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆ ಕೇಳಿ ಬೆಳೆದವರಲ್ಲವೇ ನಾವು? ಪಾತ್ರವಾಗಿ ಮಾತಾಡುವ ಅರ್ಥಧಾರಿಗಳಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ಎದುರು ಮಲ್ಪೆ ರಾಮದಾಸ ಸಾಮಗರು ಕುಳಿತರೆಂದರೆ ಜನ ನಿದ್ದೆಗೆಟ್ಟು ಕೇಳುತ್ತಿದ್ದರು. ಎದುರಿನ ಅರ್ಥಧಾರಿ ಆಡಿದ ಮಾತನ್ನೇ ಎತ್ತಿಕೊಂಡು, ಅದಕ್ಕೆ ಉತ್ತರ ಕಟ್ಟಿ, ಮತ್ತೊಂದು ಪ್ರಶ್ನೆಯ ಎಳೆ ಬಿಟ್ಟು ಕೊಡುವುದರಲ್ಲಿ ಅರ್ಥಗಾರಿಕೆಯ ರುಚಿ ಇರುವುದು. ಎದುರಿನವರು ಬಾಯಿ ತೆರೆದೇ ಇಲ್ಲವೆಂಬಂತೆ ತನ್ನ ಪಾಡಿಗೆ ತಾನು ಗಂಟೆಗಟ್ಟಲೆ ಹೊಡೆದರೆ ಸಭೆ ಎದ್ದು ಚಹಾಕ್ಕೆ ಹೋಗುತ್ತದೆ. ಕನ್ನಡ ಬ್ಲಾಗುಗಳಲ್ಲಿ ಈಗ ಆಗಿರುವುದು ಅದೇ. ಎಲ್ಲರೂ ಅರ್ಥ ಹೇಳುವವರು, ಎದುರಿನವರ ಮಾತು ಎತ್ತಿಕೊಳ್ಳುವವರಿಲ್ಲ.

ಮೊದಲು ಹೀಗಿರಲಿಲ್ಲ. ಬ್ಲಾಗಿನ ಬದಿಯಲ್ಲಿ ‘ನಾನು ಓದುವ ಬ್ಲಾಗುಗಳು’ ಎಂದು ಪಟ್ಟಿ ಇರುತ್ತಿತ್ತು. ಯಾರು ಹೊಸದು ಬರೆದರು ಎಂದು ಗೂಗಲ್ ರೀಡರ್ ಒಂದೇ ಕಡೆ ತೋರಿಸುತ್ತಿತ್ತು. 2013ರ ಜುಲೈ 1ಕ್ಕೆ ಅದನ್ನು ಮುಚ್ಚಿದರು. ತಮಾಷೆ ನೋಡಿ, 1843ರ ಜುಲೈ 1ರಂದೇ ಇಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದದ್ದು, ಕನ್ನಡದ ಮೊದಲ ಪತ್ರಿಕೆ. ಆ ದಿನ ನಾವು ಪತ್ರಿಕಾ ದಿನಾಚರಣೆ ಮಾಡಿ ಶಾಲು ಹೊದೆಸುತ್ತೇವೆ. ಇರಲಿ. ರೀಡರ್ ಹೋದ ಮೇಲೆ ಬ್ಲಾಗಿಗರು ಫೇಸ್‌ಬುಕ್‌ಗೆ ನಡೆದರು. ಅಲ್ಲಿ ಯಾರ ಬರಹ ಯಾರಿಗೆ ಕಾಣಬೇಕೆಂದು ತೀರ್ಮಾನಿಸುವುದು ನಾವಲ್ಲ. ನಮ್ಮ ಕೈಯಲ್ಲಿ ಉಳಿದಿರುವುದು ಲಿಂಕ್ ಒಂದೇ. ಅದನ್ನೂ ಕೊಡುವುದಿಲ್ಲವೆಂದರೆ ಹೇಗೆ? ಕೊಡದಿರಲು ಜನ ಹೇಳುವ ಕಾರಣಗಳನ್ನು ಹಾಳೆಯಲ್ಲಿ ಬರೆದುಕೊಂಡಿದ್ದೇನೆ, ಕೇಳಿ.

“ಲಿಂಕ್ ಕೊಟ್ಟರೆ ನಮ್ಮ ಓದುಗರು ಆಚೆ ಹೋಗಿಬಿಡುತ್ತಾರೆ.” ಕೊಡದಿದ್ದರೂ ಹೋಗುತ್ತಾರೆ, ಅವರ ಕೈಯಲ್ಲಿರುವುದು ಮೊಬೈಲ್. ಕೊಟ್ಟರೆ ಒಳ್ಳೆಯ ಕಡೆಗೆ ಕಳುಹಿಸಿದರು ಎಂಬ ನೆನಪಾದರೂ ಉಳಿಯುತ್ತದೆ.

“ಅವರು ನಮ್ಮ ಪ್ರತಿಸ್ಪರ್ಧಿ.” ಯಾವುದಕ್ಕೆ? ನನ್ನ ಬ್ಲಾಗಿನ ಜಾಹೀರಾತಿನಿಂದ ಬರುವ ಹಣ ಮಸಾಲೆದೋಸೆಗೆ ಸಾಲುತ್ತದೆ, ಚಹಾಕ್ಕೆ ಕೈಯಿಂದ ಹಾಕಬೇಕು. ಬನ್ನಿ, ಸ್ಪರ್ಧಿಸಿ.

“ಅವರ ಅಭಿಪ್ರಾಯ ನನಗೆ ಒಪ್ಪಿಗೆಯಿಲ್ಲ.” ಬಹಳ ಸಂತೋಷ, ಜಗಳವಾಡಿ. ಲಿಂಕ್ ಕೊಟ್ಟು ಜಗಳವಾಡಿ.

“ನನಗೆ ಲಿಂಕ್ ಹಾಕಲು ಬರುವುದಿಲ್ಲ.” ಮೀನು ಮಾರುಕಟ್ಟೆಯಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಬಂಗುಡೆ ತರುವವರಿಗೆ ಇದು ಬರುವುದಿಲ್ಲವೇ? ನಂಬುವುದಿಲ್ಲ. ಕೊಡಿ.

“ಅವರು ಈಗಾಗಲೇ ಪ್ರಸಿದ್ಧರು.” ಕೊಡಿ. “ಅವರನ್ನು ಯಾರೂ ಓದುವುದಿಲ್ಲ.” ಅದಕ್ಕೇ ಕೊಡಿ! “ನೋಡೋಣ, ಮುಂದಿನ ಸಲ.” ಮುಂದಿನ ಸಲ ಏನು, ಮುಹೂರ್ತ ಇಡಿಸಬೇಕೇ? ಈಗಲೇ ಕೊಡಿ!

ಬರೆದುಕೊಂಡ ಕಾರಣಗಳು ಇಷ್ಟೇ. ಹಾಳೆಯನ್ನು ತಿರುಗಿಸಿದರೆ ಹೆಂಡತಿ ಬರೆದ ಸಾಮಾನಿನ ಪಟ್ಟಿ ಇದೆ. ಉದ್ದು, ಕೊತ್ತಂಬರಿ, ತೆಂಗಿನೆಣ್ಣೆ, ‘ನೆನಪಿರಲಿ’ ಎಂದು ಎರಡು ಗೆರೆ ಎಳೆದು ಸೊಳ್ಳೆಬತ್ತಿ. ಅಂಗಡಿ ಮುಚ್ಚುವ ಮೊದಲು ಹೋಗಬೇಕು. ವಿವರಣೆಯಲ್ಲಿ ಹಂಚಿನ ಗೆಳೆಯನ ಬ್ಲಾಗ್, ಪತ್ರೊಡೆಯ ಇಬ್ಬರ ಬ್ಲಾಗ್, ಇನ್ನೂ ಕೆಲವರ ಬ್ಲಾಗಿನ ಲಿಂಕ್ ಹಾಕಿದ್ದೇನೆ. ಕೊನೆಯಲ್ಲಿರುವುದು ನನ್ನದು. ಮೊದಲು ಅದನ್ನೇ ಒತ್ತಿದಿರೆಂದು ಉಳಿದವರು ಬೇಸರ ಮಾಡಿಕೊಳ್ಳುವುದಿಲ್ಲ, ನಾನು ಕೇಳಿಕೊಂಡಿದ್ದೇನೆ.