ಗ ರಿ ಸ, ಗ ರಿ ಸ: ಅಕಿರಾ ಇಫುಕುಬೆಯವರ ಚಿತ್ರಸಂಗೀತ

ಕೇಳುಗರಿಗೆ ನಮಸ್ಕಾರ.

ಗ ರಿ ಸ, ಗ ರಿ ಸ, ಗ ರಿ ಸ ನಿ ಸ ರಿ ಗ ರಿ ಸ. ಸಾಧಾರಣ ಗಾಂಧಾರ, ಚತುಶ್ರುತಿ ರಿಷಭ, ಮಂದ್ರದ ಕೈಶಿಕಿ ನಿಷಾದ ಹಿಡಿದು, ಗಮಕವಿಲ್ಲದೆ, ಒಂದೊಂದು ಸ್ವರಕ್ಕೂ ಒಂದೇ ತೂಕ ಕೊಟ್ಟು ಇದನ್ನು ಹಾಡಿಕೊಳ್ಳಿ. 1954ರ ನವೆಂಬರ್ 3ರಂದು ಜಪಾನಿನಲ್ಲಿ ತೆರೆಕಂಡ, ದೈತ್ಯ ಪ್ರಾಣಿಯೊಂದರ ಕಥೆಯಾದ 'ಗಾಡ್ಜಿಲ್ಲಾ' ಚಿತ್ರದ ಶೀರ್ಷಿಕೆ ಸಂಗೀತ ಇದು. ಜಪಾನಿನ ಮಕ್ಕಳು ಇದನ್ನು ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ 'ದೋ ಶಿ ಲಾ, ದೋ ಶಿ ಲಾ' ಎಂದು ಹಾಡುತ್ತಾರೆ. ಲಾ ಸ್ವರವನ್ನು ಷಡ್ಜವಾಗಿ ಇಟ್ಟುಕೊಂಡರೆ ನಮಗದು ಗ ರಿ ಸ. ಒಟ್ಟು ಐದೇ ಸ್ವರಸ್ಥಾನ ಕೂಡ ಇಲ್ಲ, ನಾಲ್ಕು. ಲಯ ಮಾತ್ರ ಅಷ್ಟು ಸರಳವಲ್ಲ: ನಾಲ್ಕು ಪೆಟ್ಟಿನ ಅಳತೆಯೊಂದು, ಐದು ಪೆಟ್ಟಿನ ಅಳತೆಯೊಂದು, ಹೀಗೆ ಒಂದಾದ ಮೇಲೊಂದು ಬಂದು ಒಂಬತ್ತಕ್ಕೆ ಸುತ್ತು ಮುಗಿಯುತ್ತದೆ. ತಾಳ ಹಾಕುತ್ತ ಕೇಳುವವರಿಗೆ ಕಾಲು ಎಲ್ಲಿ ಊರಬೇಕೆಂಬುದು ತಕ್ಷಣ ಸಿಗುವುದಿಲ್ಲ. ಆ ಚಿತ್ರದ ಭಯದಲ್ಲಿ ಈ ಲಯದ ಪಾಲು ದೊಡ್ಡದು.

ಇದನ್ನು ಬರೆದವರು ಅಕಿರಾ ಇಫುಕುಬೆ. 1947ರಿಂದ ಆರಂಭಿಸಿ 250ಕ್ಕೂ ಹೆಚ್ಚು ಚಿತ್ರಗಳಿಗೆ ಸಂಗೀತ ಕೊಟ್ಟರು. ಸ್ವರಗಳ ಒಂದೇ ನುಡಿಯನ್ನು ಮತ್ತೆ ಮತ್ತೆ ಹೇಳುವುದು ಅವರ ಸಂಗೀತದ ಗುರುತು. ಅದು ಕಲ್ಪನೆಯ ಬಡತನ ಎಂದವರೂ ಇದ್ದಾರೆ. ಅದು ಬಡತನವಲ್ಲ, ಚಲನಚಿತ್ರಕ್ಕೆ ಹೇಳಿ ಮಾಡಿಸಿದ ಕಸುಬು ಎಂಬುದನ್ನು ಇಂದಿನ ಭಾಷಣದಲ್ಲಿ ಬಿಡಿಸಿ ತೋರಿಸಬೇಕೆಂದಿದೆ.

ಇಫುಕುಬೆ ಹುಟ್ಟಿದ್ದು 1914ರ ಮೇ 31ರಂದು, ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪದ ಕುಶಿರೊ ಪಟ್ಟಣದಲ್ಲಿ. ಶಿಂತೊ ಅರ್ಚಕರ ಹಳೆಯ ಮನೆತನ. ತಂದೆ ಒತೊಫುಕೆ ಎಂಬ ಹಳ್ಳಿಯ ಮುಖ್ಯಸ್ಥರಾಗಿ ಹೋದಾಗ ಹುಡುಗನಿಗೆ ಅಲ್ಲಿನ ಮೂಲನಿವಾಸಿಗಳಾದ ಐನು ಜನರ ನೆರೆ ಸಿಕ್ಕಿತು. ಅವರ ಹಾಡುಗಳಲ್ಲಿ ಚಿಕ್ಕದೊಂದು ಎಳೆಯನ್ನು ಹಿಡಿದು ಸುತ್ತಿ ಸುತ್ತಿ ಹಾಡುವ ಕ್ರಮವಿದೆ; ಕುಣಿತದಲ್ಲಿ ನೆಲವನ್ನು ತುಳಿಯುವ ಕ್ರಮವಿದೆ. ಮುಂದೆ ಇಫುಕುಬೆ ಬರೆದ 'ಸಿಂಫೋನಿಯಾ ತಪ್‌ಕಾರ' ಎಂಬ ಕೃತಿಯ ಹೆಸರು ಆ ತುಳಿತದ ಕುಣಿತದಿಂದಲೇ ಬಂದದ್ದು. ಅದರ ವರ್ಷವೂ 1954. ಸಂಗೀತ ಸಭೆಗೆ ಬರೆದ ಕೃತಿ, ರಾಕ್ಷಸ ಪ್ರಾಣಿಯ ಚಿತ್ರಕ್ಕೆ ಬರೆದ ಸಂಗೀತ ಎರಡೂ ಒಂದೇ ಮೇಜಿನ ಮೇಲೆ, ಒಂದೇ ವರ್ಷ ಮೂಡಿದವು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದರೆ ಇಬ್ಬರು ಬೇರೆ ಬೇರೆ ಇಫುಕುಬೆ ಇಲ್ಲ ಎಂಬುದು ಗೊತ್ತಾಗುತ್ತದೆ.

ಸಂಗೀತ ಶಾಲೆಗೆ ಅವರು ಹೋಗಲಿಲ್ಲ. ಪಿಟೀಲು ತಾವೇ ಕಲಿತರು. ಓದಿದ್ದು ಹೊಕ್ಕೈಡೊ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಸ್ತ್ರ, ಆಮೇಲೆ ಸೇರಿದ್ದು ಅಕ್ಕೆಶಿ ಎಂಬಲ್ಲಿ ಅರಣ್ಯ ಇಲಾಖೆಯ ಕೆಲಸಕ್ಕೆ. ರಷ್ಯನ್ ಸಂಗೀತಗಾರ ಅಲೆಕ್ಸಾಂಡರ್ ಚೆರೆಪ್ನಿನ್ 1935ರಲ್ಲಿ ಜಪಾನಿ ಸಂಯೋಜಕರಿಗಾಗಿ ಸ್ಪರ್ಧೆಯೊಂದನ್ನು ಏರ್ಪಡಿಸಿದರು. ತೀರ್ಪು ಪ್ಯಾರಿಸ್‌ನಲ್ಲಿ. ಟೋಕಿಯೊದ ಶಾಲೆಗಳಲ್ಲಿ ಕಲಿತವರನ್ನೆಲ್ಲ ಹಿಂದೆ ಹಾಕಿ ಮೊದಲ ಬಹುಮಾನ ಗಳಿಸಿದ್ದು 'ಜಪಾನೀಸ್ ರಾಪ್ಸೊಡಿ', ಅಂದರೆ 21 ವರ್ಷದ ಈ ಅರಣ್ಯಾಧಿಕಾರಿಯ ಕೃತಿ. ಮರುವರ್ಷ ಚೆರೆಪ್ನಿನ್ ಯೊಕೊಹಾಮಾಕ್ಕೆ ಬಂದಾಗ ಕೆಲಕಾಲ ಅವರ ಬಳಿ ಪಾಠವಾಯಿತು. ಅಷ್ಟೇ ಗುರುಶಿಕ್ಷಣ.

ಯುದ್ಧಕಾಲದಲ್ಲಿ ಅವರನ್ನು ಮರದ ಬಲ ಮತ್ತು ಕಂಪನದ ಸಂಶೋಧನೆಗೆ ಹಾಕಿದರು. ಎಕ್ಸ್ ಕಿರಣಗಳ ನಡುವೆ ಸರಿಯಾದ ಕವಚವಿಲ್ಲದೆ ಕೆಲಸ ಮಾಡಿ ಆರೋಗ್ಯ ಕೆಟ್ಟಿತು. ಅರಣ್ಯದ ನೌಕರಿ ಅಲ್ಲಿಗೆ ಮುಗಿಯಿತು. 1946ರಲ್ಲಿ ಟೋಕಿಯೊದ ಸಂಗೀತ ಶಾಲೆಯಲ್ಲಿ ಅಧ್ಯಾಪಕರಾದರು. ಮುಂದೆ ಹೆಸರಾದ ಸಂಯೋಜಕರು ತೊಷಿರೊ ಮಯುಜುಮಿ, ಯಸುಶಿ ಅಕುತಗಾವ ಅಲ್ಲಿ ಅವರ ವಿದ್ಯಾರ್ಥಿಗಳು.

ಮೊದಲ ಚಿತ್ರದಲ್ಲೇ ಜಗಳವಾಯಿತು. 1947ರ 'ಗಿನ್‌ರೆಯಿ ನೊ ಹತೆ'. ನಿರ್ದೇಶಕರು ಸೆಂಕಿಚಿ ತನಿಗುಚಿ, ಕಥೆಯ ಬರವಣಿಗೆ ಮುಂದೆ ಪ್ರಸಿದ್ಧ ನಿರ್ದೇಶಕರಾದ ಅಕಿರಾ ಕುರೊಸಾವ, ನಟ ತೊಷಿರೊ ಮಿಫುನೆ ಮೊದಲು ಪರದೆಗೆ ಬಂದದ್ದೂ ಇದರಲ್ಲೇ. ಪೊಲೀಸರಿಂದ ತಪ್ಪಿಸಿಕೊಂಡು ಹಿಮಪರ್ವತ ಸೇರಿದ ಕಳ್ಳನೊಬ್ಬ ಅಲ್ಲಿನ ಹುಡುಗಿಯ ಜೊತೆ ಹಿಮದ ಮೇಲೆ ಜಾರಾಡುವ ದೃಶ್ಯವಿದೆ. ನಿರ್ದೇಶಕರಿಗೆ ಲವಲವಿಕೆಯ ಸಂಗೀತ ಬೇಕಿತ್ತು. ಇಫುಕುಬೆ ಬರೆದು ತಂದದ್ದು ಇಂಗ್ಲಿಷ್ ಹಾರ್ನ್ ಎಂಬ ವಾದ್ಯದ ಒಂಟಿ, ದುಃಖದ ರಾಗ. ಇಂಗ್ಲಿಷ್ ಹಾರ್ನ್ ಎಂದರೆ ಓಬೋ ಕುಟುಂಬದ್ದು, ಅದಕ್ಕಿಂತ ಐದು ಸ್ವರ ಕೆಳಗಿನ ಶ್ರುತಿಯದು. ಆಡುತ್ತಿರುವ ಮನುಷ್ಯನಿಗೆ ಮುಂದೆ ಏನು ಕಾದಿದೆ ಎಂಬುದು ಸಂಗೀತಕ್ಕೆ ಗೊತ್ತಿರಬೇಕು ಎಂಬುದು ಅವರ ವಾದ. ಹೊಸಬ ಸಂಗೀತಗಾರ ಪಟ್ಟು ಬಿಡಲಿಲ್ಲ, ಕುರೊಸಾವ ನಡುವೆ ಬಂದು ಮಾತಾಡಿದರು, ಒಂಟಿ ಹಾರ್ನ್ ಚಿತ್ರದಲ್ಲಿ ಉಳಿಯಿತು.

ಚಿತ್ರದಲ್ಲಿ ಸಂಗೀತ ಯಾಕಿರಬೇಕು ಎಂಬುದಕ್ಕೆ ಇಫುಕುಬೆ ನಾಲ್ಕು ಸೂತ್ರ ಹೇಳುತ್ತಿದ್ದರು. ಸಂಗೀತವು ಕಾಲ ಮತ್ತು ಸ್ಥಳವನ್ನು ಗುರುತಿಸಿಕೊಡಬಹುದು. ಭಾವವನ್ನು ಗಾಢಗೊಳಿಸಬಹುದು. ಬಿಡಿ ಬಿಡಿ ದೃಶ್ಯಗಳನ್ನು ಒಂದು ಪ್ರಸಂಗವಾಗಿ ಕಟ್ಟಿಕೊಡಬಹುದು. ನಾಲ್ಕನೆಯದನ್ನು ಅವರು ಫ್ರೆಂಚ್ ಸಿನಿಮಾ ಚಿಂತಕರಿಂದ ಪಡೆದ 'ಫೋಟೊಜೆನಿ' ಎಂಬ ಹೆಸರಿನಿಂದ ಕರೆಯುತ್ತಿದ್ದರು: ಕಥೆಗೆ ಸಂಬಂಧವಿಲ್ಲದೆ, ಪರದೆಯ ಮೇಲಿನ ಆಕಾರ, ಚಲನೆಗಳಷ್ಟನ್ನೇ ನೋಡಿ ಹುಟ್ಟುವ ಸಂಗೀತ. ಈ ನಾಲ್ಕರಲ್ಲಿ ಒಂದೂ ಅನ್ವಯಿಸದ ದೃಶ್ಯಕ್ಕೆ ಸಂಗೀತ ಬೇಡ. 'ಗಾಡ್ಜಿಲ್ಲಾ' ಚಿತ್ರದಲ್ಲಿ ಮಾತೂ ಸಂಗೀತವೂ ಇಲ್ಲದ ಜಾಗಗಳು ಅಷ್ಟೊಂದಿರುವುದಕ್ಕೆ ಈ ಶಿಸ್ತು ಕಾರಣ. ಇಂದಿನ ಬಹಳಷ್ಟು ಚಿತ್ರಗಳಲ್ಲಿ ಸಂಗೀತ ಬಾಯಿ ಮುಚ್ಚುವುದೇ ಇಲ್ಲ. ಈ ಸೂತ್ರಗಳನ್ನು ಸಂಗೀತ ನಿರ್ದೇಶಕರಿಗಿಂತ ಮೊದಲು ಚಿತ್ರ ನಿರ್ದೇಶಕರು ಓದಬೇಕು.

ಈಗ 1954ಕ್ಕೆ ಬರೋಣ. ಅದೇ ವರ್ಷ, 'ಗಾಡ್ಜಿಲ್ಲಾ' ತಯಾರಿಸಿದ ತೊಹೊ ಚಿತ್ರಸಂಸ್ಥೆಯಲ್ಲೇ, ಇಫುಕುಬೆಯವರ ಹೊಕ್ಕೈಡೊ ಕಾಲದ ಗೆಳೆಯ ಫುಮಿಯೊ ಹಯಸಾಕ ಕುರೊಸಾವರ 'ಏಳು ಸಮುರಾಯ್' ಚಿತ್ರಕ್ಕೆ ಸಂಗೀತ ಮುಗಿಸಿದ್ದರು. ಇಫುಕುಬೆಗೆ ಬಂದದ್ದು ಇಷಿರೊ ಹೊಂಡ ನಿರ್ದೇಶನದ, ಎಯಿಜಿ ತ್ಸುಬುರಾಯರ ದೃಶ್ಯತಂತ್ರದ ದೈತ್ಯ ಪ್ರಾಣಿಯ ಚಿತ್ರ. ಬರೆಯಲು ಸಿಕ್ಕ ಸಮಯ ಒಂದು ವಾರಕ್ಕೂ ಕಡಿಮೆ. ಮುಗಿದ ದೃಶ್ಯಗಳನ್ನು ತೋರಿಸಲಿಲ್ಲ. ಚಿತ್ರಕಥೆ ಮತ್ತು ಪ್ರಾಣಿಯ ಮಾದರಿ ನೋಡಿ ಬರೆಯಬೇಕಾಯಿತು. ದೊಡ್ಡದೊಂದು ಬರುತ್ತದೆ ಎಂಬುದು ಗೊತ್ತಿದ್ದರಿಂದ ಟ್ರೊಂಬೋನ್, ಟ್ಯೂಬಾ, ಪಿಯಾನೋದ ಎಡಗೈ ಕೊನೆ, ಪಿಟೀಲಿನಂಥದೇ ಆದರೆ ಆಳೆತ್ತರದ ಡಬಲ್ ಬಾಸ್ ಹೀಗೆ ವಾದ್ಯವೃಂದದ ತಳಭಾಗಕ್ಕೇ ಇಳಿದರು.

ಇನ್ನೊಂದು ವಿಷಯ ಇಲ್ಲಿ ಹೇಳಬೇಕು. ಆರಂಭದಲ್ಲಿ ಹಾಡಿಕೊಂಡ ಗ ರಿ ಸ ಆ ಪ್ರಾಣಿಯ ಸಂಗೀತವಲ್ಲ. ಅದನ್ನು ಎದುರಿಸಲು ಹೊರಡುವ ಮನುಷ್ಯರದು.  ಪ್ರಾಣಿಗೆ ಬೇರೆಯೇ ಭಾರವಾದ, ನಿಧಾನವಾದ ಹಿತ್ತಾಳೆ ವಾದ್ಯಗಳ ನುಡಿಯಿದೆ. ಆದರೆ ಶೀರ್ಷಿಕೆಯಲ್ಲೇ ಗ ರಿ ಸ ಕೇಳಿದ ಜನ ಅದನ್ನು ಪ್ರಾಣಿಗೇ ಕೊಟ್ಟುಬಿಟ್ಟರು. 1975ರ ಗಾಡ್ಜಿಲ್ಲಾ ಚಿತ್ರದಲ್ಲಿ ಇಫುಕುಬೆಯವರೇ ಜನರ ತೀರ್ಮಾನಕ್ಕೆ ಒಪ್ಪಿ ಅದನ್ನು ಗಾಡ್ಜಿಲ್ಲಾನ ಸಂಗೀತವಾಗಿ ಬಳಸಿದರು. ಇದೇ ನುಡಿ 1948ರಲ್ಲಿ ಅವರು ಪಿಟೀಲು ಮತ್ತು ವಾದ್ಯವೃಂದಕ್ಕೆ ಬರೆದ ಕೃತಿಯಲ್ಲೂ ಇದೆ. ತಮ್ಮದೇ ಸ್ವತ್ತನ್ನು ಮತ್ತೆ ಮತ್ತೆ ಬಳಸಲು ಅವರಿಗೆ ಎಂದೂ ಸಂಕೋಚವಿರಲಿಲ್ಲ.

ಸುತ್ತಿ ಬರುವ ನುಡಿಗೆ ಪಾಶ್ಚಾತ್ಯ ಸಂಗೀತದಲ್ಲಿ ಆಸ್ಟಿನಾಟೊ ಎನ್ನುತ್ತಾರೆ. ಚಿತ್ರಸಂಗೀತದಲ್ಲಿ ಅದರ ಉಪಯೋಗ ಏನೆಂದು ಲೆಕ್ಕ ಹಾಕಿಯೇ ನೋಡೋಣ. ಫಿಲ್ಮು ಸೆಕೆಂಡಿಗೆ 24 ಚೌಕಟ್ಟು, ಅಂದರೆ 24 ಬಿಡಿಚಿತ್ರ ಓಡುತ್ತದೆ. 35 ಮಿಲಿಮೀಟರ್ ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟು, ಅಂದರೆ ನಿಮಿಷಕ್ಕೆ 90 ಅಡಿ. ಉದಾಹರಣೆಗೆ ಲಯ ನಿಮಿಷಕ್ಕೆ 120 ಪೆಟ್ಟು ಎಂದಿಟ್ಟುಕೊಳ್ಳಿ. ಒಂದು ಪೆಟ್ಟಿಗೆ 12 ಚೌಕಟ್ಟು. ಒಂಬತ್ತು ಪೆಟ್ಟಿನ ಸುತ್ತಿಗೆ 108 ಚೌಕಟ್ಟು, ನಾಲ್ಕೂವರೆ ಸೆಕೆಂಡು, ಆರೂಮುಕ್ಕಾಲು ಅಡಿ. ಸಂಗೀತ ಬರೆದ ಮೇಲೆ ಸಂಕಲನಕಾರರು ದೃಶ್ಯದಿಂದ ಒಂಬತ್ತು ಸೆಕೆಂಡು ಕಿತ್ತರೆ ಎರಡು ಸುತ್ತು ಬಿಟ್ಟರಾಯಿತು. ಸೇರಿಸಿದರೆ ಎರಡು ಸುತ್ತು ಹೆಚ್ಚು. ಎರಡು ಸೆಕೆಂಡು ಮಾತ್ರ ಕಿತ್ತರೆ ನಾಲ್ಕು ಪೆಟ್ಟಿನ ಅಳತೆಯೊಂದನ್ನು ಬಿಡಬಹುದು, ಎರಡೂವರೆಯಾದರೆ ಐದರದ್ದು. ಲಯ ಮೊದಲೇ ಸಮವಲ್ಲದ್ದರಿಂದ ಕೇಳುವವರಿಗೆ ಕತ್ತರಿಸಿದ ಜಾಗ ಸಿಗುವುದಿಲ್ಲ. ಇದೇ ಜಾಗದಲ್ಲಿ ಹದಿನಾರು ಅಳತೆಗಳ ಉದ್ದಕ್ಕೆ ಬೆಳೆಯುವ ಮಧುರ ರಾಗವಿದ್ದರೆ ನಡುವಿಂದ ಎರಡು ಸೆಕೆಂಡು ಕೀಳುವುದು ಮಾತಿನ ನಡುವೆ ಪದ ಕಿತ್ತಂತೆ. ದೃಶ್ಯ ನೋಡದೆ ವಾರದೊಳಗೆ ಬರೆಯಬೇಕಾದವರಿಗೆ ಈ ವಿಧಾನಕ್ಕಿಂತ ಭದ್ರವಾದದ್ದಿಲ್ಲ. ಮೇಲಾಗಿ, ಗುಂಡು, ಕುಸಿತ, ಕೂಗಾಟಗಳ ನಡುವೆ ಒಂದು ಸುತ್ತು ಮುಳುಗಿಹೋದರೂ ಮುಂದಿನ ಸುತ್ತು ಅದೇ ಮಾತನ್ನು ಹೇಳುತ್ತದೆ.

ಈ ಗದ್ದಲದ ತೊಂದರೆ ಆಗ ನಿಜವಾಗಿಯೂ ಇತ್ತು. ಧ್ವನಿ ಮುದ್ರಿಸಲು ಇದ್ದ ಪಟ್ಟಿಗಳು, ಅಂದರೆ ಟ್ರ್ಯಾಕ್‌ಗಳು, ನಾಲ್ಕೇ. ನಗರ ಪುಡಿಯಾಗುವ ದೃಶ್ಯಗಳಲ್ಲಿ ಸಂಗೀತ ಮತ್ತು ಶಬ್ದ ಪರಿಣಾಮ ಎರಡನ್ನೂ ಒಟ್ಟಿಗೇ ಧ್ವನಿಮುದ್ರಿಸಿದರು. ಇಫುಕುಬೆ ವಾದ್ಯವೃಂದ ನಡೆಸುತ್ತಿದ್ದರೆ, ಅದೇ ಹೊತ್ತಿಗೆ ಶಬ್ದ ಕಲಾವಿದರು ಪರದೆ ನೋಡುತ್ತ ತಗಡು, ಮರ, ಕಾಂಕ್ರೀಟ್ ಚೂರುಗಳಿಂದ ಕಟ್ಟಡ ಬೀಳುವ ಸದ್ದು ಮಾಡಬೇಕು. ಒಂದು ಸದ್ದು ತಪ್ಪಿದರೆ ಇಡೀ ವಾದ್ಯವೃಂದ ಮೊದಲಿಂದ ನುಡಿಸಬೇಕು.

ಪ್ರಾಣಿಯ ಘರ್ಜನೆಯೂ ಸಂಗೀತಗಾರನ ಕೈಯಿಂದಲೇ ಬಂತು. ಶಬ್ದ ವಿಭಾಗದವರು ಸಿಂಹ, ಹಕ್ಕಿ ಮುಂತಾದವುಗಳ ಕೂಗನ್ನು ಬೇರೆ ಬೇರೆ ವೇಗದಲ್ಲಿ ಓಡಿಸಿ ನೋಡಿದ್ದರು. ಎಷ್ಟು ತಿರುಚಿದರೂ ಕಿವಿಗೆ ಪರಿಚಿತ ಪ್ರಾಣಿಯೇ ಕೇಳುತ್ತಿತ್ತು. ಇಫುಕುಬೆ ಸೂಚಿಸಿದ್ದು ಡಬಲ್ ಬಾಸ್. ತಂತಿಯ ಬಿಗಿ ಸಡಿಲಿಸಬೇಕು. ತೊಗಲಿನ ಕೈಗವಸಿಗೆ ಪೈನ್ ಮರದ ಅಂಟು ಬಳಿಯಬೇಕು. ಆ ಕೈಯಿಂದ ತಂತಿಯನ್ನು ಹಿಡಿದು ಉದ್ದಕ್ಕೆ ಉಜ್ಜಬೇಕು. ಅಂಟು ತಂತಿಯನ್ನು ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಕ್ಷಣಕ್ಕೆ ನೂರಾರು ಬಾರಿ ನಡೆಯುವ ಈ ಹಿಡಿತ-ಜಾರಿಕೆಯೇ ಕರ್ಕಶವಾದ ಕೂಗು. ಅಂಟಿಲ್ಲದಿದ್ದರೆ ಕೈ ಸುಮ್ಮನೆ ಜಾರಿ 'ಸರ್' ಎಂಬ ಸದ್ದಷ್ಟೇ ಬರುತ್ತದೆ. ತಂತಿ ಬಿಗಿಯಾಗಿದ್ದರೆ ಶುದ್ಧ ಸ್ವರ ಬಂದು ವಾದ್ಯ ಯಾವುದೆಂದು ಬಯಲಾಗುತ್ತದೆ. ಹೀಗೆ ಮುದ್ರಿಸಿದ ಸದ್ದನ್ನು ನಿಧಾನ ವೇಗದಲ್ಲಿ ಓಡಿಸಿದರು. ವೇಗ ಅರ್ಧಕ್ಕಿಳಿದರೆ ಶ್ರುತಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ, ಕಾಲ ಎರಡರಷ್ಟಾಗುತ್ತದೆ. ಚಿಕ್ಕ ಉಜ್ಜುವಿಕೆ ದೊಡ್ಡ ದೇಹದ ಉಸಿರಾಗುತ್ತದೆ. ಮರ ಮತ್ತು ಕಂಪನದ ಶಾಸ್ತ್ರ ಓದಿದವರಿಗೇ ಈ ಉಪಾಯ ಹೊಳೆದದ್ದು ಸಹಜವೇ ಸರಿ.

ಇಷ್ಟು ಸದ್ದಿನ ನಂತರ ಚಿತ್ರದ ಕೊನೆಯ ಭಾಗದಲ್ಲಿ ಶಾಲಾ ಬಾಲಕಿಯರ ಶಾಂತಿ ಪ್ರಾರ್ಥನೆ ಬರುತ್ತದೆ. ಹಿರೋಶಿಮಾ, ನಾಗಾಸಾಕಿಗಳಾಗಿ ಒಂಬತ್ತೇ ವರ್ಷ ಕಳೆದಿದ್ದ ದೇಶ. ಇಫುಕುಬೆ ಅದಾಗಲೇ 1952ರಲ್ಲಿ ಕನೆತೊ ಶಿಂದೊ ಅವರ ಹಿರೋಶಿಮಾ ಮಕ್ಕಳ ಚಿತ್ರಕ್ಕೆ ಸಂಗೀತ ಕೊಟ್ಟಿದ್ದರು. 1956ರಲ್ಲಿ ಕೋನ್ ಇಚಿಕಾವರ 'ಬರ್ಮಾದ ವೀಣೆ'ಗೂ ಅವರದೇ ಸಂಗೀತ. ಈ ಮೂರರಲ್ಲೂ ಸತ್ತವರಿಗಾಗಿ ನಿಧಾನವಾಗಿ ನಡೆಯುವ ತಂತಿವಾದ್ಯಗಳನ್ನು ಕೇಳಬಹುದು. ಅವರನ್ನು ರಾಕ್ಷಸ ಚಿತ್ರಗಳ ಸಂಗೀತಗಾರ ಎಂದಷ್ಟೇ ಕರೆಯುವುದು ಅನ್ಯಾಯ.

ಮುಂದೆ ಕೆಲಸದ ಹೊಳೆಯೇ ಹರಿಯಿತು. 1962ರಲ್ಲಿ ಕುರುಡ ಕತ್ತಿಗಾರ ಜಾಟೊಇಚಿಯ ಮೊದಲ ಚಿತ್ರ, 1966ರಲ್ಲಿ ಒಂದೇ ವರ್ಷ ಜೀವ ತಳೆಯುವ ಕಲ್ಲಿನ ದೈತ್ಯ ದೈಮಾಜಿನ್ ಸರಣಿಯ ಮೂರೂ ಚಿತ್ರ. ನಮಗೆ ಹೆಚ್ಚು ಹತ್ತಿರವಾದದ್ದು ಬುದ್ಧನ ಕಥೆ. 1953ರಲ್ಲಿ ಅವರು ಬುದ್ಧನ ಬಗ್ಗೆ ಬ್ಯಾಲೆ ಬರೆದರು, 1961ರಲ್ಲಿ ಕೆಂಜಿ ಮಿಸುಮಿ ನಿರ್ದೇಶನದ 70 ಮಿಲಿಮೀಟರ್ ಚಿತ್ರ 'ಶಾಕ'ಕ್ಕೆ ಸಂಗೀತ ಕೊಟ್ಟರು. ಅದೇ ವಸ್ತುವಿಗೆ 1989ರಲ್ಲಿ ಮರಳಿ ಬಂದು ಗಾಯಕವೃಂದ, ವಾದ್ಯವೃಂದಗಳ ದೊಡ್ಡ ಕೃತಿ ರಚಿಸಿದಾಗ ಹಾಡಿನ ಮಾತುಗಳನ್ನು ಪಾಳಿ ಭಾಷೆಯಲ್ಲೇ ಇಟ್ಟರು.

1976ರಿಂದ 1987ರವರೆಗೆ ಟೋಕಿಯೊ ಸಂಗೀತ ಕಾಲೇಜಿನ ಅಧ್ಯಕ್ಷರಾಗಿದ್ದರು. ವಾದ್ಯವೃಂದ ರಚನೆಯ ಬಗ್ಗೆ ಅವರು 1953ರಲ್ಲಿ ಹೊರತಂದ ಪುಸ್ತಕ ಜಪಾನಿನಲ್ಲಿ ತಲೆಮಾರುಗಳ ಪಠ್ಯವಾಯಿತು. 1983ರಲ್ಲಿ ತಮ್ಮ ಚಿತ್ರಸಂಗೀತವನ್ನೇ ಸಭೆಗಾಗಿ 'ಸಿಂಫೋನಿಕ್ ಫ್ಯಾಂಟೇಸಿಯಾ' ಎಂಬ ಮೂರು ಕೃತಿಗಳಾಗಿ ಜೋಡಿಸಿದರು. 1991ರಲ್ಲಿ, 77ರ ವಯಸ್ಸಿನಲ್ಲಿ, ಗಾಡ್ಜಿಲ್ಲಾ ಚಿತ್ರಗಳಿಗೆ ಮರಳಿದರು. ಕೊನೆಯದು 1995ರದ್ದು, ಆ ಪ್ರಾಣಿ ಸಾಯುವ ಚಿತ್ರ. ಇಫುಕುಬೆ ತೀರಿಕೊಂಡದ್ದು 2006ರ ಫೆಬ್ರವರಿ 8ರಂದು, ಟೋಕಿಯೊದಲ್ಲಿ.

ಅವರ ಸಂಗೀತ ಕೇಳಲು ಹೊರಡುವವರು ಮೊದಲು 'ಜಪಾನೀಸ್ ರಾಪ್ಸೊಡಿ'ಯ ಎರಡನೆಯ ಭಾಗವನ್ನು, ಹಬ್ಬದ ತಾಳವಾದ್ಯಗಳನ್ನು ಗಮನಿಸುತ್ತ, ಕೇಳಬೇಕು. ಆಮೇಲೆ 1954ರ ಚಿತ್ರದ ಮೊದಲ ಎರಡು ನಿಮಿಷ: ಕತ್ತಲೆ ಪರದೆಯ ಮೇಲೆ ಹೆಜ್ಜೆಯ ಸದ್ದು, ಘರ್ಜನೆ, ನಂತರ ಸಂಗೀತ. ಮೂರನೆಯದಾಗಿ ಸಿಂಫೋನಿಕ್ ಫ್ಯಾಂಟೇಸಿಯಾದ ಮೊದಲನೆಯದು, ಸುಮಾರು ಕಾಲು ಗಂಟೆ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಬೇಡ, ಟ್ಯೂಬಾ ಮತ್ತು ಡಬಲ್ ಬಾಸ್ ಅದರಲ್ಲಿ ಪೂರ್ತಿ ಮಾಯವಾಗುತ್ತವೆ. ತಳಸ್ಥಾಯಿ ಚೆನ್ನಾಗಿ ಕೇಳಿಸುವ ಹೆಡ್‌ಫೋನ್ ಹಾಕಿಕೊಳ್ಳಿ. ಗ ರಿ ಸ ಬಂದಾಗ ತೊಡೆಯ ಮೇಲೆ ನಾಲ್ಕು, ಐದು, ನಾಲ್ಕು, ಐದು ಎಂದು ತಾಳ ಹಾಕಿ. ನಮಸ್ಕಾರ.