ವಾಕಿಂಗ್ ಪಾತ್‌ಗೆ ಅನುದಾನ ಬರುತ್ತೆ, ಆಮೇಲೆ? | ಚಿಕ್ಕಮಗಳೂರು ವ್ಲಾಗ್

ಸಿಟಿ ಕೌನ್ಸಿಲ್ ಮೀಟಿಂಗ್ ವಿಡಿಯೋನ ಕೂತ್ಕೊಂಡು ಪೂರ್ತಿ ನೋಡೋ ಜನ ಇರ್ತಾರಾ ಅಂತ ಕೇಳಿದ್ರೆ, ಇದಾರೆ, ನಾನೇ. ಕಾಲೇಜ್ ಫ್ರೆಂಡ್ ಒಬ್ಳು ಅಮೆರಿಕದಲ್ಲಿ ಮಿಶಿಗನ್ ರಾಜ್ಯದ ಒಂದು ಸಣ್ಣ ಊರಲ್ಲಿದಾಳೆ, ಅವಳು ಕಳ್ಸಿದ ಲಿಂಕು. ಅಜೆಂಡಾದಲ್ಲಿದ್ದಿದ್ದು ಒಂದೇ ವಿಷ್ಯ, ನಡೆಯೋರಿಗೂ ಸೈಕಲ್ ತುಳಿಯೋರಿಗೂ ಅಂತ ಒಂದು ಟ್ರೇಲ್ ಮಾಡೋಕೆ ರಾಜ್ಯ ಸರ್ಕಾರ ಕೊಡ್ತಿರೋ ಗ್ರಾಂಟ್‌ನ ಊರು ಒಪ್ಕೋಬೇಕು. ದುಡ್ಡು ಬರ್ತಿದೆ ಅಂದ್ರೆ ನಮ್ಮ ಕಡೆ ಟೇಬಲ್ ಕುಟ್ಟಿ, ಟೀ ಕುಡ್ದು, ಪೇಪರ್‌ನೋರಿಗೆ ಫೋಟೋ ಕೊಟ್ಟು ಎದ್ದೋಗ್ತೀವಿ ತಾನೇ. ಅಲ್ಲಿ ಹಂಗಾಗ್ಲಿಲ್ಲ. ನಮ್ಮ ಪಾಲು ಎಷ್ಟು, ಅದು ಯಾವ ಖಾತೆಯಿಂದ ಬರುತ್ತೆ, ಚಳಿಗಾಲದಲ್ಲಿ ಹಿಮ ಯಾರು ತೆಗೀತಾರೆ, ಹತ್ತು ವರ್ಷ ಆದ್ಮೇಲೆ ಟಾರು ಕಿತ್ತೋದ್ರೆ ಯಾರ ತಲೆಗೆ ಬರುತ್ತೆ, ಹಿಂಗೇ ಒಂದರ ಮೇಲೊಂದು ಪ್ರಶ್ನೆ. ಕೊಡ್ತೀನಿ ಅಂದೋರ ಹತ್ರ ಇಷ್ಟು ಚೌಕಾಸಿನಾ ಅನ್ನಿಸ್ತು, ಆಮೇಲೆ ಯೋಚ್ನೆ ಮಾಡಿದ್ರೆ ಅದೇ ಸರಿ.

ಇವತ್ತಿನ ವಿಡಿಯೋ ಅದರ ಬಗ್ಗೆನೇ. ನೀವೀಗ ನೋಡ್ತಿರೋದು ನಮ್ಮ ಬಸವನಹಳ್ಳಿ ಕೆರೆ ಏರಿಯಾ, ಇಲ್ಲಿಂದ ಕೋಟೆ ಕೆರೆ ಕಡೆಗೆ, ಆಮೇಲೆ ಎಂ.ಜಿ. ರೋಡು, ಹನುಮಂತಪ್ಪ ಸರ್ಕಲ್ಲು, ಆಜಾದ್ ಪಾರ್ಕು ಅಂತ ಸುತ್ತಾಡ್ತಾ ಮಾತಾಡ್ತೀನಿ. ಗಾಳಿ ಸೌಂಡ್ ಜಾಸ್ತಿ ಇತ್ತು, ಅದಕ್ಕೇ ವಾಯ್ಸ್ ಮನೇಲಿ ಕೂತು ಹಾಕ್ತಿದೀನಿ, ಹಿಂದ್ಗಡೆ ಕುಕ್ಕರ್ ಕೂಗಿದ್ರೆ ಬೇಜಾರು ಮಾಡ್ಕೋಬೇಡಿ.

ಮೊದ್ಲು ಆ ಮಿಶಿಗನ್ ಕತೆ ಮುಗಿಸ್ಬಿಡ್ತೀನಿ, ಯಾಕಂದ್ರೆ ಅವರ ದುಡ್ಡು ಬರೋ ದಾರಿನೇ ಒಂಥರಾ ಇಂಟ್ರೆಸ್ಟಿಂಗ್. ಮಿಶಿಗನ್ ನ್ಯಾಚುರಲ್ ರಿಸೋರ್ಸಸ್ ಟ್ರಸ್ಟ್ ಫಂಡ್ ಅಂತ ಒಂದಿದೆ, 1976ರಲ್ಲಿ ಶುರುವಾಗಿದ್ದು, 1984ರಲ್ಲಿ ಜನ ಓಟು ಹಾಕಿ ಅದನ್ನ ರಾಜ್ಯದ ಸಂವಿಧಾನದೊಳಗೇ ಸೇರಿಸಿದ್ರು. ಸರ್ಕಾರಿ ಜಮೀನಲ್ಲಿ ಎಣ್ಣೆ, ಗ್ಯಾಸು, ಖನಿಜ ತೆಗಿಯೋರು ಕಟ್ಟೋ ರಾಜಧನ ಇದೆಯಲ್ಲ, ಆ ದುಡ್ಡಲ್ಲಿ ಬೆಳೆದ ನಿಧಿ ಇದು. ಭೂಮಿಯಿಂದ ಏನೋ ತೆಗೆದ್ರಲ್ಲ, ಅದಕ್ಕೆ ಬದಲಾಗಿ ಜನಕ್ಕೆ ಕಾಡು, ಕೆರೆದಂಡೆ, ಓಡಾಡೋ ದಾರಿ ಕೊಡ್ಬೇಕು ಅನ್ನೋ ಲೆಕ್ಕ. ಒಂದು ಊರಿಗೆ ಆ ಗ್ರಾಂಟ್ ಬೇಕು ಅಂದ್ರೆ ಮೊದ್ಲು ಐದು ವರ್ಷದ ಒಂದು ಪ್ಲಾನ್ ಮಾಡಿರ್ಬೇಕು, ಅದಕ್ಕೆ ಜನರ ಸಭೆ ಕರೆದಿರ್ಬೇಕು, ಪ್ಲಾನ್ ಇಲ್ಲದಿದ್ರೆ ಅರ್ಜಿನೇ ಹಾಕಂಗಿಲ್ಲ. ಖರ್ಚಲ್ಲಿ ಕಮ್ಮಿ ಅಂದ್ರೂ ಶೇಕಡಾ 25 ಊರೇ ಹಾಕ್ಬೇಕು. ಇನ್ನೊಂದು ಮಜಾ ಏನಂದ್ರೆ ದುಡ್ಡು ಮುಂಗಡ ಬರಲ್ಲ, ಕೆಲ್ಸ ಮಾಡ್ಸಿ ಬಿಲ್ಲು ತೋರ್ಸಿದ್ಮೇಲೆ ವಾಪಸ್ ಕೊಡ್ತಾರೆ. ಅದೆಲ್ಲದಕ್ಕಿಂತ ಗಟ್ಟಿ ಕಂಡೀಷನ್ ಬೇರೆ ಇದೆ, ಆ ದುಡ್ಡು ಬಿದ್ದ ಜಾಗನ ಸಾರ್ವಜನಿಕರ ಓಡಾಟ, ಆಟ, ವಿಹಾರಕ್ಕೆ ಅಂತನೇ ಉಳಿಸ್ಕೋಬೇಕು, ನಾಳೆ ಬೇರೆ ಯಾರೋ ಗೆದ್ದು ಬಂದು ಇಲ್ಲೊಂದು ಕಾಂಪ್ಲೆಕ್ಸ್ ಕಟ್ಟೋಣ ಅಂದ್ರೆ ಆಗಲ್ಲ. ಇಷ್ಟೆಲ್ಲ ಇರೋದ್ರಿಂದ ಆ ಮೀಟಿಂಗಲ್ಲಿ ಸ್ವೀಕಾರ ಅನ್ನೋದು ಬರೀ ಥ್ಯಾಂಕ್ಸ್ ಹೇಳೋ ಕೆಲ್ಸ ಆಗಿರ್ಲಿಲ್ಲ.

ಆನೆನ ದಾನ ಕೊಟ್ರು ಅಂತ ಮೆರವಣಿಗೆ ಮಾಡಿ ಮನೆಗೆ ತಂದ್ಬಿಟ್ರೆ ನಾಳೆ ಬೆಳಗ್ಗೆ ಮೇವು ಯಾರು ಹಾಕೋದು? ಅವರು ಕೇಳ್ತಿದ್ದಿದ್ದು ಅದನ್ನೇ.

ಅದೇ ಮಿಶಿಗನ್‌ನ ಉತ್ತರ ಭಾಗದಲ್ಲಿ ಮಾರ್ಕೆಟ್ ಅಂತ ಒಂದು ಜಿಲ್ಲೆ ಇದೆ, ನಮ್ಮ ಸಂತೆ ಮಾರ್ಕೆಟ್ ಅಲ್ಲ ಮತ್ತೆ, ಆ ಜಿಲ್ಲೆ ಹೆಸರೇ ಹಂಗೆ. ಅಲ್ಲಿ ಕಬ್ಬಿಣದ ಅದಿರು ಸಾಗಿಸ್ತಿದ್ದ ಹಳೇ ರೈಲ್ವೆ ಲೈನ್‌ಗಳನ್ನೇ ಇಟ್ಕೊಂಡು ಐರನ್ ಓರ್ ಹೆರಿಟೇಜ್ ಟ್ರೇಲ್ ಅಂತ ಮಾಡಿದಾರೆ, 47 ಮೈಲಿ, ಅಂದ್ರೆ ಹತ್ರತ್ರ 75 ಕಿಲೋಮೀಟರ್, ನಡ್ಕೊಂಡೋ ಸೈಕಲ್ಲಲ್ಲೋ ಹೋಗ್ಬೋದು. ಇದನ್ನ ಓದ್ದಾಗ ನಂಗೆ ಫಸ್ಟ್ ನೆನಪಾಗಿದ್ದು ನಮ್ಮ ಕುದುರೆಮುಖ. ಅಲ್ಲೂ ಕಬ್ಬಿಣದ ಅದಿರೇ, ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತೋಯ್ತು. ಆದ್ರೆ ನಮ್ಮಲ್ಲಿ ಅದಿರು ರೈಲಲ್ಲಿ ಹೋಗ್ತಾನೇ ಇರ್ಲಿಲ್ಲ, ಪುಡಿ ಮಾಡಿ ನೀರಲ್ಲಿ ಕಲಸಿ 67 ಕಿಲೋಮೀಟರ್ ಪೈಪಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಬಿಡ್ತಿದ್ರು, ಹಾಗಾಗಿ ಟ್ರೇಲ್ ಮಾಡೋಕೆ ಹಳೇ ಹಳಿನೂ ಇಲ್ಲ ನಮ್ಮತ್ರ. ಇನ್ನು ಚಿಕ್ಕಮಗಳೂರು ಟೌನ್‌ಗೆ ರೈಲು ಬಂದಿದ್ದೇ 2013ರ ನವೆಂಬರಲ್ಲಿ, ಕಡೂರಿಂದ. ಅವರು ಓಡಿಸಿ ಓಡಿಸಿ ಸಾಕಾಗಿ ಹಳಿ ಕಿತ್ತು ಸೈಕಲ್ ದಾರಿ ಮಾಡ್ಕೊಂಡ್ರು, ನಾವು ರೈಲಿಗೇ ಅಷ್ಟು ವರ್ಷ ಕಾಯ್ದವ್ರು, ಅದನ್ನ ಈಗ್ಲೇ ಬಿಟ್ಟುಕೊಡೋಕಾಗುತ್ತಾ. ಸೋ ಅವರ ಮಾಡೆಲ್ ತಂದು ಇಲ್ಲಿ ಅಂಟಿಸೋಕಾಗಲ್ಲ. ಕೇಳೋ ಪ್ರಶ್ನೆಗಳನ್ನ ತರ್ಬೋದು.

ನಮ್ಮಲ್ಲಿ ಹೆಂಗೆ ಅಂತೀರಾ. ನಮ್ಮ ನಗರಸಭೆ 35 ವಾರ್ಡಿನದು. ಇಂಥ ಊರುಗಳಿಗೆ ದುಡ್ಡು ಬರೋದು ರಾಜ್ಯ ಹಣಕಾಸು ಆಯೋಗದ ಅನುದಾನ, ಅದನ್ನ ಎಲ್ರೂ ಎಸ್ಎಫ್‌ಸಿ ಅಂತಾರೆ, ನಗರೋತ್ಥಾನ ಥರದ ಊರು ಅಭಿವೃದ್ಧಿಗೆ ಅಂತ ಇರೋ ರಾಜ್ಯದ ಸ್ಕೀಮು, ಕೇಂದ್ರದ ಹಣಕಾಸು ಆಯೋಗದ್ದು, ಇವುಗಳಿಂದ. ಆಮೇಲೆ ಊರಿನ ಸ್ವಂತ ದುಡಿಮೆ, ಅಂದ್ರೆ ಆಸ್ತಿ ತೆರಿಗೆ, ಮಳಿಗೆ ಬಾಡಿಗೆ, ಲೈಸೆನ್ಸ್ ಫೀಸು. ಕೇಂದ್ರದ 15ನೇ ಹಣಕಾಸು ಆಯೋಗದ ದುಡ್ಡನ್ನೇ ತಗೊಳ್ಳಿ, 2021ರಿಂದ 26ರ ಅವಧಿಗೆ ನಮ್ಮಂಥ ಊರುಗಳಿಗೆ ಅದ್ರಲ್ಲಿ ಶೇಕಡಾ 60 ಭಾಗ ಕುಡಿಯೋ ನೀರು, ಮಳೆನೀರು, ಕಸ, ನೈರ್ಮಲ್ಯ ಅಂತ ಕಟ್ಟಿಹಾಕಿ ಕೊಟ್ಟಿದ್ದು, ಉಳಿದ 40ರಲ್ಲಿ ರೋಡು, ಚರಂಡಿ, ಲೈಟು ಅಂತ ಎಲ್ರೂ ಕೈ ಹಾಕ್ಬೇಕು. ಆ ಕ್ಯೂನಲ್ಲಿ ಸೈಕಲ್ ದಾರಿ ಎಲ್ಲಿ ನಿಂತಿರುತ್ತೆ ಅಂತ ನೀವೇ ಊಹಿಸ್ಕೊಳ್ಳಿ. ದುಡ್ಡು ಬಂತು ಅಂತಾದ್ಮೇಲೆ ಕ್ರಿಯಾ ಯೋಜನೆ ಅಂತ ಮಾಡ್ತಾರೆ, ಸಾಮಾನ್ಯ ಸಭೇಲಿ ಇಡ್ತಾರೆ, ಡಿಸಿ ಆಫೀಸ್ ಕಡೆಯಿಂದ ಮಂಜೂರಾತಿ ಆಗುತ್ತೆ, 1999ರ ಪಾರದರ್ಶಕತೆ ಕಾಯ್ದೆ ಪ್ರಕಾರ ಟೆಂಡರ್ ಆಗುತ್ತೆ, ಕೆಲ್ಸ ಮುಗಿದ್ಮೇಲೆ ಕಂಟ್ರಾಕ್ಟರ್ ಒಂದೆರಡು ವರ್ಷ ರಿಪೇರಿಗೆ ಹೊಣೆ. ಕಾಗದದ ಮೇಲೆ ಎಲ್ಲ ಸರಿಯಾಗೇ ಇದೆ. ಆದ್ರೆ ಆ ಒಂದೆರಡು ವರ್ಷ ಕಳೆದ ಮಾರನೇ ದಿನ ಆ ದಾರಿ ಯಾರದು? ಅಲ್ಲಿ ಶುರುವಾಗೋದು ತೊಂದ್ರೆ. ಕಟ್ಟೋಕೆ ಅನುದಾನ ಸಿಗುತ್ತೆ, ಗುಡಿಸೋಕೆ ಸಿಗಲ್ಲ, ಗುಡಿಸೋದು ನಮ್ಮ ತೆರಿಗೆ ದುಡ್ಡಲ್ಲೇ ಆಗ್ಬೇಕು.

ನಮ್ಮ ಮಲೆನಾಡಲ್ಲಿ ಈ ಗುಡಿಸೋ ವಿಷ್ಯ ಸಣ್ಣದಲ್ಲ ಮಾರಾಯ್ರೆ. ಎಷ್ಟೋ ಊರಲ್ಲಿ ವಾಕಿಂಗ್ ಪಾತ್ ಅಂದ್ರೆ ಕಣ್ಣು ಮುಚ್ಕೊಂಡು ಇಂಟರ್‌ಲಾಕ್ ಹಾಕ್ಬಿಡ್ತಾರೆ, ಕೆಂಪು ಒಂದು ಸಾಲು, ಬೂದಿ ಬಣ್ಣ ಒಂದು ಸಾಲು, ಉದ್ಘಾಟನೆ ಫೋಟೋಲಿ ಸೂಪರಾಗಿ ಕಾಣುತ್ತೆ. ಜೂನಲ್ಲಿ ಮಳೆ ಹಿಡೀತು ಅಂದ್ರೆ ಮುಗೀತು. ಮರದ ನೆರಳು, ಬಿಸ್ಲು ಬೀಳಲ್ಲ, ಕಲ್ಲಿನ ಸಂದೀಲಿ ನೀರು ನಿಲ್ಲುತ್ತೆ, ಆಗಸ್ಟ್ ಹೊತ್ತಿಗೆ ಹಸಿರು ಪಾಚಿ, ವಯಸ್ಸಾದೋರು ಕಾಲಿಟ್ರೆ ಜಾರೋದೇ. ಕೆಳಗಿರೋ ಮರಳು ಕೊಚ್ಚಿಕೊಂಡು ಹೋದ್ರೆ ಕಲ್ಲು ಕುಸಿದು ಒಂದು ಮೇಲೆ ಒಂದು ಕೆಳಗೆ, ಸೈಕಲ್ ಚಕ್ರ ಅದ್ರಲ್ಲಿ ಸಿಕ್ಕಾಕೊಂಡ್ರೆ ಗೋವಿಂದ. ನಂಗೆ ಕೇಳಿದ್ರೆ ನಡು ಎತ್ತರ ಎರಡು ಬದಿ ಇಳಿಜಾರು ಬರೋ ಹಂಗೆ ಮಾಡಿ, ಪಕ್ಕದಲ್ಲಿ ನೀರು ಹೋಗೋಕೆ ಕಾಲುವೆ ಬಿಟ್ಟು, ಒರಟು ಮೈ ಇರೋ ಕಾಂಕ್ರೀಟೋ ಟಾರೋ ಹಾಕಿದ್ರೆ ಸಾಕು, ಬಣ್ಣ ಬೇಡ, ಆರ್ಚ್ ಬೇಡ, ಸೆಲ್ಫಿ ಪಾಯಿಂಟ್ ಅಂತೂ ಬೇಡ್ವೇ ಬೇಡ. ಮಳೆ ಮುಂಚೆ ಒಂದ್ಸಲ, ಮಳೆ ಮಧ್ಯ ಒಂದೆರಡ್ಸಲ ಪಾಚಿ ಉಜ್ಜೋಕೆ ಜನ ಬೇಕು, ಆ ಕೂಲಿ ಬಜೆಟ್‌ನ ಯಾವ ಖಾತೆಯಿಂದ ಬರುತ್ತೆ ಅಂತ ಅನುದಾನ ಒಪ್ಕೊಳ್ಳೋ ದಿನವೇ ಬರ್ದಿಡ್ಬೇಕು.

ಆ ಐರನ್ ಓರ್ ಟ್ರೇಲ್‌ನೋರು ಇದಕ್ಕೆ ಏನ್ ಮಾಡಿದಾರೆ ಗೊತ್ತಾ, ಟ್ರೇಲ್ ಹಾದುಹೋಗೋ ಸುತ್ತಮುತ್ತಲ ಊರುಗಳೆಲ್ಲ ಸೇರಿ ಒಂದು ಪ್ರಾಧಿಕಾರ ಮಾಡ್ಕೊಂಡಿದಾರೆ, ಅದರ ಖರ್ಚಿಗೆ ಅಂತ ಜನರೇ ಓಟು ಹಾಕಿ ಆಸ್ತಿ ತೆರಿಗೆ ಮೇಲೆ ಚೂರು ಜಾಸ್ತಿ ಕಟ್ಟೋಕೆ ಒಪ್ಕೊಂಡಿದಾರೆ. ನಮ್ಮಲ್ಲಿ ತೆರಿಗೆ ಜಾಸ್ತಿ ಮಾಡ್ತೀವಿ ಅಂದ್ರೆ ಏನಾಗುತ್ತೆ ಅಂತ ನಾನು ಹೇಳೋದೇ ಬೇಡ.

ಇನ್ನೊಂದು ವಿಷ್ಯ, ನಂಗೆ ಇದೇ ಮುಖ್ಯ ಅನ್ಸೋದು. ದಾರಿ ಎಲ್ಲಿಂದ ಎಲ್ಲಿಗೆ? ಕೆರೆ ಸುತ್ತ ಒಂದು ರೌಂಡು ಹಾಕಿ, ಗೇಟ್ ಇಟ್ಟು, ಬೆಳಗ್ಗೆ ಸಂಜೆ ಟೈಮಿಂಗ್ ಬೋರ್ಡ್ ಹಾಕಿದ್ರೆ ಅದು ಪಾರ್ಕು, ಒಳ್ಳೇದೇ, ಬೇಡ ಅನ್ನಲ್ಲ, ಆದ್ರೆ ಅಲ್ಲಿಗೆ ಬರೋರು ಕಾರು ಸ್ಕೂಟರಲ್ಲಿ ಬಂದು, ಪಾರ್ಕ್ ಮಾಡಿ, ವಾಕ್ ಮಾಡಿ, ಮತ್ತೆ ಗಾಡಿ ಹತ್ತಿ ಹೋಗ್ತಾರೆ. ನಿಜವಾಗ್ಲೂ ದಿನಾ ನಡಿಯೋರು ಬೇರೆ ಇದಾರೆ. ಕಾಫಿ ಕ್ಯೂರಿಂಗ್‌ಗೆ, ಅಂದ್ರೆ ಕಾಫಿ ಬೀಜ ಹಸನು ಮಾಡೋ ಕಾರ್ಖಾನೆಗೆ, ಕೆಲ್ಸಕ್ಕೆ ಹೋಗೋ ಹೆಂಗಸ್ರನ್ನ ನೋಡಿ, ಡಬ್ಬಿ ಬ್ಯಾಗ್ ಹಿಡ್ಕೊಂಡು ರೋಡಿನ ಅಂಚಲ್ಲಿ ಸಾಲಾಗಿ ಹೋಗ್ತಿರ್ತಾರೆ. ಬಸ್ ಸ್ಟ್ಯಾಂಡಿಂದ ಕಾಲೇಜಿಗೆ ಹೋಗೋ ಹುಡುಗ್ರು, ಹಿರೇಮಗಳೂರು ಕಡೆಯಿಂದ ತರಕಾರಿ ತಗೊಂಡು ಬರೋರು. ಇವ್ರಿಗೆ ವಾಕಿಂಗ್ ಹವ್ಯಾಸ ಅಲ್ಲ, ಆಟೋ ದುಡ್ಡು ಉಳೀಲಿ ಅಂತ ನಡಿಯೋದು. ರೋಡು ಹೆಂಗಿರ್ಬೇಕು ಅಂತ ಮಾನದಂಡ ಮಾಡೋ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚೀಲಿ ಫುಟ್‌ಪಾತ್ ಅಂದ್ರೆ ಏನೂ ಅಡ್ಡ ಇಲ್ಲದಂಗೆ ಕಮ್ಮಿ ಅಂದ್ರೂ 1.8 ಮೀಟರ್ ಅಗಲ ಇರ್ಬೇಕು ಅಂತಿದೆ, ಗಾಲಿಕುರ್ಚಿ ಎದುರಾಬದುರಾ ಬಂದ್ರೂ ಹೋಗೋ ಹಂಗೆ. ಟೇಪ್ ಹಿಡ್ಕೊಂಡು ಒಂದಿನ ನಿಮ್ಮ ಬೀದಿ ಅಳ್ದು ನೋಡಿ, ನಗು ಬರುತ್ತೆ, ಟ್ರಾನ್ಸ್‌ಫಾರ್ಮರ್ ಕಂಬ ಒಂದ್ಕಡೆ, ಚರಂಡಿ ಚಪ್ಪಡಿ ಇನ್ನೊಂದ್ಕಡೆ, ಬೈಕ್ ಸ್ಟ್ಯಾಂಡು ನಡುವೆ.

ಸೈಕಲ್ ವಿಷ್ಯಕ್ಕೆ ಬಂದ್ರೆ ಇನ್ನೂ ತಮಾಷೆ. ನಮ್ಮ ರಾಜ್ಯ ಸೈಕಲ್‌ಗೆ ದುಡ್ಡೇ ಕೊಟ್ಟಿಲ್ಲ ಅನ್ನಂಗಿಲ್ಲ, 2006-07ರಲ್ಲಿ ಎಂಟನೇ ಕ್ಲಾಸ್ ಮಕ್ಳಿಗೆ ಫ್ರೀ ಸೈಕಲ್ ಕೊಡೋದು ಶುರುವಾಯ್ತು, ಕೋವಿಡ್ ಬರೋವರೆಗೂ ವರ್ಷ ವರ್ಷ ಲಕ್ಷಗಟ್ಲೆ ಸೈಕಲ್ ಹಂಚಿದಾರೆ. ಹಳ್ಳಿ ಹುಡುಗೀರು ಹೈಸ್ಕೂಲ್ ಬಿಡದೇ ಓದೋಕೆ ಆ ಸೈಕಲ್ ಎಷ್ಟು ಆಸರೆ ಆಯ್ತು ಅಂತ ಆಗ ಓದ್ದೋರನ್ನ ಕೇಳಿ. ಸೈಕಲ್ ಕೊಟ್ಟಾಯ್ತು, ಅದನ್ನ ಲಾರಿ ಪಕ್ಕ ತುಳೀರಿ ಅಂತ ಬಿಟ್ಟಾಯ್ತು. ದಾರಿ ಮಾಡಿದ ಕಡೆನೂ ಏನಾಯ್ತು ನೋಡಿ, ಬೆಂಗಳೂರಿನ ಜಯನಗರದಲ್ಲಿ 2012ರ ಸುಮಾರಿಗೆ ಸೈಕಲ್ ಲೇನ್ ಮಾಡಿದ್ರು, ಪಾರ್ಕಿಂಗ್ ಆಗೋಯ್ತು. 2020ರಲ್ಲಿ ಔಟರ್ ರಿಂಗ್ ರೋಡಲ್ಲಿ ಬೊಲ್ಲಾರ್ಡ್, ಅಂದ್ರೆ ಗಾಡಿ ತಡೆಯೋ ಗಿಡ್ಡ ಕಂಬ, ನೆಟ್ಟು ಲೇನ್ ಮಾಡಿದ್ರು, ಬೈಕ್‌ನೋರು ನುಗ್ಗಿದ್ರು, ಬೊಲ್ಲಾರ್ಡ್ ಮುರ್ದು ಬಿತ್ತು. ಮೈಸೂರಿನ ಟ್ರಿಣ್ ಟ್ರಿಣ್ ಅನ್ನೋ ಬಾಡಿಗೆ ಸೈಕಲ್ ಸ್ಕೀಮು 2017ರಲ್ಲಿ ಬಂದಾಗ ಚೆನ್ನಾಗಿ ಓಡ್ತು, ಯಾಕಂದ್ರೆ ಅಲ್ಲಿ ರೋಡು ಅಗಲ, ಊರು ಸಮತಟ್ಟು. ನಮ್ಮ ಊರು ಹಂಗಲ್ಲ, ಏರು ಇಳಿತ ಜಾಸ್ತಿ, ಗೇರ್ ಇಲ್ಲದ ಸೈಕಲ್ಲಲ್ಲಿ ಲಗೇಜ್ ಇಟ್ಕೊಂಡು ಏರು ಹತ್ತೋದು ಸುಲಭ ಇಲ್ಲ, ಆದ್ರಿಂದ ನಮ್ಮ ದಾರಿ ಕೆರೆ ಏರಿ ಪಕ್ಕ, ರಾಜಕಾಲುವೆ ಪಕ್ಕ ಅಂತ ನೀರು ಹರಿಯೋ ಮಟ್ಟದಲ್ಲಿ ಹೋದ್ರೆ ತುಳಿಯೋಕೆ ಸಲೀಸು. ಹಂಗಂತ ಕೆರೆ ಅಂಚಿಗೆ ಪೂರ್ತಿ ಕಾಂಕ್ರೀಟ್ ಗೋಡೆ ಎಬ್ಬಿಸಿ ನೀರು ಒಳಗೆ ಬರೋ ಕಾಲುವೆನೇ ಮುಚ್ಚಿದ್ರೆ ಆಮೇಲೆ ಖಾಲಿ ತಟ್ಟೆ ಸುತ್ತ ವಾಕ್ ಮಾಡ್ಬೇಕಾಗುತ್ತೆ. ಕೆರೆ ಉಳಿಸೋಕೆ ಅಂತ 2014ರಲ್ಲಿ ರಾಜ್ಯದಲ್ಲಿ ಕಾಯ್ದೆನೇ ಬಂದಿದೆ, ಅದನ್ನ ಡಿಪಿಆರ್, ಅಂದ್ರೆ ಕಾಮಗಾರಿಯ ವಿವರವಾದ ಯೋಜನಾ ವರದಿ, ಬರೆಯೋರು ಮೊದ್ಲು ಓದ್ಲಿ.

ವೀಕೆಂಡ್ ಬಗ್ಗೆ ಹೇಳ್ದೆ ಇದ್ರೆ ವಿಡಿಯೋ ಅಪೂರ್ಣ. ಶುಕ್ರವಾರ ರಾತ್ರಿಯಿಂದ ಶುರು, ಮುಳ್ಳಯ್ಯನಗಿರಿಗೆ ಅಂತ ಬರೋ ಗಾಡಿಗಳು. 1,930 ಮೀಟರ್, ಕರ್ನಾಟಕದ ಅತಿ ಎತ್ತರದ ಬೆಟ್ಟ ಅಲ್ವಾ, ಬರ್ಲಿ, ಈಗ ಮೇಲೆ ಹೋಗೋಕೆ ಆನ್‌ಲೈನ್ ಬುಕಿಂಗ್ ಮಾಡ್ಬೇಕು. ಆದ್ರೆ ಬೆಟ್ಟದ ಗೇಟಲ್ಲಿ ಲೆಕ್ಕ ಇಡ್ತಾರೆ, ಟೌನ್ ಒಳಗೆ ಇಡೋರಿಲ್ಲ. ಹಿರೇಕೊಳಲೆ ಕೆರೆ ರೋಡಲ್ಲಿ ಬೆಳಗ್ಗೆ ಸೈಕಲ್ ತುಳಿಯೋ ನಮ್ಮ ಊರಿನ ಗ್ಯಾಂಗ್ ಭಾನುವಾರ ಬಂದ್ರೆ ಹೋಗೋದನ್ನೇ ಬಿಡ್ತಾರೆ, ತಿರುವಲ್ಲಿ ಯಾವ ಜೀಪು ಎದುರಿಗೆ ಬರುತ್ತೋ ಹೇಳೋಕಾಗಲ್ಲ. ಟೂರಿಸ್ಟ್‌ಗೆ ಅಂತ ಟ್ರೇಲ್ ಮಾಡಿ ಅಂತ ಯಾರಾದ್ರೂ ಹೇಳಿದ್ರೆ ನಾನು ಹೇಳೋದಿಷ್ಟೇ, ಊರೋರಿಗೆ ಆಗೋ ದಾರಿ ಮಾಡಿ, ಟೂರಿಸ್ಟು ತಾನಾಗೇ ಬಂದು ನಡೀತಾನೆ, ಅವನಿಗೆ ಅಂತ ಬೇರೆ ಮಾಡೋ ಅಗತ್ಯ ಇಲ್ಲ.

ಇನ್ನು ನೀವೇನ್ ಮಾಡ್ಬೋದು ಅಂದ್ರೆ, ಪ್ರತಿ ವರ್ಷ ಬಜೆಟ್‌ಗೆ ಮುಂಚೆ ನಗರಸಭೆಗಳು ಬಜೆಟ್ ಪೂರ್ವಭಾವಿ ಸಭೆ ಅಂತ ಕರೀತಾವೆ, ಸಾರ್ವಜನಿಕರೂ ಹೋಗ್ಬೋದು, ಹೋಗೋರು ಮಾತ್ರ ಕಮ್ಮಿ. ಪೇಪರಲ್ಲಿ ಮೂಲೇಲೊಂದು ಪ್ರಕಟಣೆ ಬಂದಿರುತ್ತೆ, ಕಣ್ಣಿಟ್ಟಿರಿ. ಹೋಗಿ ವಾಕಿಂಗ್ ಪಾತ್ ಬೇಕು ಅಂತ ಮಾತ್ರ ಕೇಳ್ಬೇಡಿ, ಅದನ್ನ ಎಲ್ರೂ ಕೇಳ್ತಾರೆ, ಆಯ್ತು ಅಂತಾನೂ ಅಂತಾರೆ. ಈಗಿರೋ ದಾರಿಗಳ ನಿರ್ವಹಣೆಗೆ ಅಂತ ಬಜೆಟ್ ಪುಸ್ತಕದಲ್ಲಿ ಎಷ್ಟು ರೂಪಾಯಿ ಇಟ್ಟಿದೀರಾ, ಯಾವ ಪುಟದಲ್ಲಿದೆ ಅಂತ ಕೇಳಿ. ಉತ್ತರ ಬರಲಿಲ್ಲ ಅಂದ್ರೆ ಮಾಹಿತಿ ಹಕ್ಕಲ್ಲಿ ಹತ್ತು ರೂಪಾಯಿ ಕಟ್ಟಿ ಒಂದು ಅರ್ಜಿ ಹಾಕಿ, ಒಂದೇ ವಿಷ್ಯ, ಚಿಕ್ಕದಾಗಿ, ಕನ್ನಡದಲ್ಲೇ ಬರೀರಿ, 30 ದಿನದಲ್ಲಿ ಉತ್ತರ ಕೊಡ್ಬೇಕು. ನಾನೂ ಒಂದು ಹಾಕ್ತೀನಿ, ಬಂದಿದ್ದನ್ನ ಮುಂದಿನ ವಿಡಿಯೋಲಿ ತೋರಿಸ್ತೀನಿ, ಅದರ ಜೊತೆಗೆ ಟೇಪ್ ಹಿಡ್ಕೊಂಡು ಐ.ಜಿ. ರೋಡ್ ಫುಟ್‌ಪಾತ್ ಅಳತೆ ಮಾಡೋದೂ ಇದೆ, ಟೇಪಿನ ಇನ್ನೊಂದು ತುದಿ ಹಿಡಿಯೋಕೆ ಯಾರಾದ್ರೂ ಬರೋದಿದ್ರೆ ಬನ್ನಿ.