ಇಂಟರ್ವ್ಯೂನಲ್ಲಿ ಅಳೆಯೋದು ಕೆಲಸವನ್ನೋ, ಕಣ್ಣನ್ನೋ?

ಮಿದುಳಿನ ಬೆಳವಣಿಗೆ ಬೇರೆ ಥರ ಇದ್ದು, ಜನರ ಜೊತೆ ಬೆರೆಯೋ ರೀತಿ, ಸದ್ದು-ಬೆಳಕು ಗ್ರಹಿಸೋ ರೀತಿ ಬೇರೆಯಾಗಿರೋದನ್ನು ಆಟಿಸಂ ಅಂತಾರೆ. ಅದು ಮಕ್ಕಳ ವಿಷಯ ಅಂತಲೇ ಮಾತು ಶುರುವಾಗುತ್ತೆ, ಅಲ್ಲಿಗೇ ಮುಗಿದೂ ಹೋಗುತ್ತೆ. ಆ ಮಕ್ಕಳು ಬೆಳೆದು ದೊಡ್ಡವರಾಗಿ ಕೆಲಸ ಹುಡುಕೋಕೆ ಹೊರಟಾಗ ಏನಾಗುತ್ತೆ? ನಾನು ಇವತ್ತು ಹೇಳಬೇಕು ಅಂತಿರೋದು ಅದನ್ನೇ.

1943ರಲ್ಲಿ ಮನೋವೈದ್ಯ ಡಾಕ್ಟರ್ ಲಿಯೋ ಕ್ಯಾನರ್ ಆಟಿಸಂ ಇರುವ 11 ಮಕ್ಕಳ ಬಗ್ಗೆ ಒಂದು ವರದಿ ಬರೆದರು. ಅದರಲ್ಲಿ ಮೊದಲನೆಯ ಹುಡುಗ ಅಮೆರಿಕದ ಡೊನಾಲ್ಡ್ ಟ್ರಿಪ್ಲೆಟ್. ಅವರು ಕಾಲೇಜು ಓದಿದರು, ಕಾರು ಓಡಿಸಿದರು, ಬ್ಯಾಂಕಿನಲ್ಲಿ ದುಡಿದರು, 89 ವರ್ಷ ಬದುಕಿ 2023ರಲ್ಲಿ ತೀರಿಕೊಂಡರು. ಆದರೆ ಆ ಬ್ಯಾಂಕು ಅವರ ಮನೆತನದ ಕೈಯಲ್ಲೇ ಇತ್ತು. ಬಾಕಿಯವರಿಗೆ ಆ ಭಾಗ್ಯ ಎಲ್ಲಿಂದ ಬರಬೇಕು? ಅವರು ಇಂಟರ್ವ್ಯೂ ದಾಟಿಯೇ ಒಳಗೆ ಹೋಗಬೇಕು.

ಆ ಕೋಣೆಯಲ್ಲಿ ಕೂತವರ ಸ್ಥಿತಿ ನೋಡಿ. ತಲೆ ಮೇಲೆ ಟ್ಯೂಬ್‌ಲೈಟ್ ಗುಂಯ್ ಅಂತಿರುತ್ತೆ. ನಮಗೆ ಕೇಳಿಸೋದೇ ಇಲ್ಲ, ಅವರಿಗೆ ಅದೇ ಮೊದಲು ಕೇಳಿಸುತ್ತೆ. ಎದುರಿಗಿದ್ದವರು 'ನಿಮ್ಮ ಬಗ್ಗೆ ಹೇಳಿ' ಅಂತಾರೆ. ಏನು ಹೇಳಬೇಕು? ಓದಿದ್ದಾ, ಊರಾ, ಇಷ್ಟವಾದದ್ದಾ? ಪ್ರಶ್ನೆಗೆ ತಲೆಯೂ ಇಲ್ಲ, ಬಾಲವೂ ಇಲ್ಲ. ಉತ್ತರ ಹುಡುಕ್ತಾ ಹುಡುಕ್ತಾನೇ ಎದುರಿನವರ ಕಣ್ಣನ್ನೂ ನೋಡ್ತಿರಬೇಕು, ಆದರೆ ದಿಟ್ಟಿಸಬಾರದು. ಮೇಜು ನೋಡಿಕೊಂಡು ಮಾತಾಡಿದರೆ ಯೋಚನೆ ಸರಾಗವಾಗಿ ಬರುತ್ತೆ. ಹಾಗೆ ಮಾಡಿದ ಕೂಡಲೇ 'ಆತ್ಮವಿಶ್ವಾಸ ಇಲ್ಲ' ಅಂತ ಬರೆದುಕೊಂಡುಬಿಡ್ತಾರೆ.

ಇದು ನನ್ನ ಊಹೆ ಅಲ್ಲ. ಸಂಶೋಧಕ ನೋವಾ ಸ್ಯಾಸನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟಿಸ್ಟಿಕ್ ವ್ಯಕ್ತಿಗಳನ್ನು ಕೆಲವೇ ಸೆಕೆಂಡು ನೋಡಿದವರು, ಕೇಳಿದವರು ಅವರ ಜೊತೆ ಬೆರೆಯೋಕೆ ಅಷ್ಟಾಗಿ ಮನಸ್ಸು ಮಾಡಲಿಲ್ಲ. ಅದೇ ಮಾತುಗಳನ್ನು ಬರೀ ಬರಹದಲ್ಲಿ ಓದಿದವರಲ್ಲಿ ಆ ಹಿಂಜರಿಕೆ ಕಾಣಲಿಲ್ಲ. ಅಂದ್ರೆ ಹೇಳಿದ್ದರಲ್ಲಿ ಕೊರತೆ ಇರಲಿಲ್ಲ!

ಕೆಲಸ ಸಿಕ್ಕವರ ಕಷ್ಟವೂ ಅಲ್ಲಿಗೆ ಮುಗಿಯಲ್ಲ. ದಿನವಿಡೀ ಮುಖದ ಮೇಲೆ ನಗು ಹೊತ್ತುಕೊಂಡು, ಆಡುವ ಮಾತನ್ನು ಮೊದಲೇ ಮನಸ್ಸಲ್ಲಿ ಆಡಿ ನೋಡಿಕೊಂಡು, ಗದ್ದಲವನ್ನು ನುಂಗಿಕೊಂಡು ಸಂಜೆ ಮನೆಗೆ ಬಂದಾಗ ಬಾಯಿಂದ ಒಂದು ಮಾತು ಹೊರಡಲ್ಲ. ಹೀಗೆ ತಮ್ಮ ಸಹಜ ರೀತಿಯನ್ನು ಮುಚ್ಚಿಟ್ಟುಕೊಳ್ಳೋದನ್ನೇ ಮಾಸ್ಕಿಂಗ್ ಅಂತಾರೆ. ವರ್ಷಗಟ್ಟಲೆ ಹೀಗೇ ನಡೆದರೆ ಕೆಲವರು ಸ್ನಾನ, ಅಡುಗೆಯಂಥ ಕೆಲಸವನ್ನೂ ಮಾಡೋಕಾಗದಷ್ಟು ಕುಸಿದುಹೋಗ್ತಾರೆ. 'ಸುಸ್ತು ಯಾರಿಗಿಲ್ಲ ಹೇಳಿ' ಅಂತ ದಯವಿಟ್ಟು ಅನ್ನಬೇಡಿ.

ಮಾತೇ ಬಾರದ, ಜೀವನಪೂರ್ತಿ ಆಸರೆ ಬೇಕಾದ ಆಟಿಸ್ಟಿಕ್ ವಯಸ್ಕರೂ ಇದ್ದಾರೆ. ಅವರ ವಿಷಯವನ್ನು ಇದರ ಜೊತೆ ಒಂದೆರಡು ಮಾತಲ್ಲಿ ಸೇರಿಸಿಬಿಟ್ಟರೆ ಅನ್ಯಾಯವಾಗುತ್ತೆ.

'ನಮ್ಮದು ಜನರ ಜೊತೆ ಮಾತಾಡೋ ಕೆಲಸ' ಅನ್ನೋರಿದ್ದಾರೆ. ಹಾಗಿದ್ರೆ ಅದನ್ನೇ ಪರೀಕ್ಷೆ ಮಾಡಿ. ಲೆಕ್ಕ ಬರೆಯೋರಿಗೆ, ಕೋಡ್ ಬರೆಯೋರಿಗೆ ಯಾಕೆ ಈ ಪರೀಕ್ಷೆ? ಅವರ ಮುಂದೆ ಲೆಕ್ಕ ಇಡಿ, ಕೋಡ್ ಇಡಿ, ಮಾಡಿದ್ದನ್ನು ನೋಡಿ. ಇಂಟರ್ವ್ಯೂಗೆ ಕರೆಯೋ ಮೇಲ್‌ನಲ್ಲೇ ಪ್ರಶ್ನೆಗಳನ್ನು ಕಳಿಸಿ. ಕೋಣೆಯಲ್ಲಿ ಯಾರ‍್ಯಾರು ಇರ್ತಾರೆ, ಎಷ್ಟು ಹೊತ್ತಾಗುತ್ತೆ ಅನ್ನೋದನ್ನೂ ಅದರಲ್ಲೇ ಬರೆಯಿರಿ. ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ, ಮುಂದಿನ ಇಂಟರ್ವ್ಯೂನಿಂದಲೇ ಮಾಡಬಹುದು.